ಅಂಜೂರದ ಸೆಂಟಿನಲ್ಲಿ ಅಂಜೂರ ಎಲ್ಲಿದೆ?

ನಮ್ಮ ಮನೆ ತಾರಸಿ ಮೇಲೆ ಒಂದು ಅಂಜೂರದ ಗಿಡ ಇದೆ. ಹಳೇ ನೀರಿನ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ, ಮಣ್ಣು ತುಂಬಿ ನೆಟ್ಟಿದ್ದು. ಏಪ್ರಿಲ್ ತಿಂಗಳಲ್ಲಿ, ಬಿಸಿಲು ಚೆನ್ನಾಗಿ ಏರಿದ ಮೇಲೆ ಬಟ್ಟೆ ಒಣಗಿಸಲು ಹೋದರೆ ಅದರ ಹತ್ತಿರ ಒಂದು ಘಮ ನಿಂತಿರುತ್ತದೆ. ಗಿಡದಲ್ಲಿ ಒಂದು ಹಣ್ಣೂ ಇಲ್ಲದ ದಿನ ಕೂಡ ಅದು ಇರುತ್ತದೆ. ಒಂದು ಎಲೆ ಮುರಿದರೆ ತೊಟ್ಟಿನ ತುದಿಯಲ್ಲಿ ಬಿಳಿ ಹಾಲು ಮಣಿ ಕಟ್ಟಿದ ಹಾಗೆ ನಿಲ್ಲುತ್ತದೆ. ಆಗ ಘಮ ಇನ್ನೂ ಜಾಸ್ತಿ. ಹಸಿ ಅವರೆಕಾಯಿ ಸುಲಿಯುವಾಗ ಬೆರಳಿಗೆ ಅಂಟುತ್ತದಲ್ವಾ ಸೊಗಡು, ಅದರ ಹತ್ತಿರದ್ದು. ಅದಕ್ಕೆ ಸ್ವಲ್ಪ ತೆಂಗಿನ ಹಾಲು ಬೆರೆಸಿ, ಪಕ್ಕದಲ್ಲಿ ಯಾರೋ ಒಣ ಮರ ಕೊಯ್ಯುತ್ತಿದ್ದರೆ ಹೇಗಿರುತ್ತದೋ ಹಾಗೆ.

ಅಂಜೂರದ ಸೆಂಟು ಅಂತ ಮಾರುತ್ತಾರಲ್ಲ, ಅದರಲ್ಲಿ ಬರುವುದು ಈ ಘಮವೇ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ನಮ್ಮಲ್ಲಿ ಬಹಳ ಜನಕ್ಕೆ ಅಂಜೂರ ಅಂದರೆ ಒಣಹಣ್ಣು. ಚಪ್ಪಟೆ ಮಾಡಿ, ದಾರಕ್ಕೆ ಪೋಣಿಸಿ, ಅಂಗಡಿಯಲ್ಲಿ ಹಾರದ ಹಾಗೆ ನೇತುಹಾಕಿರುವುದು. ಅದರ ವಾಸನೆ ಬೆಲ್ಲದ ಪಾಕದ್ದು, ಜೇನಿನದ್ದು. ಆ ನೆನಪು ಇಟ್ಟುಕೊಂಡು ಅಂಗಡಿಯಲ್ಲಿ ಅಂಜೂರದ ಪರ್ಫ್ಯೂಮ್ ಮೂಸಿದವರು ಗೊಂದಲಕ್ಕೆ ಬೀಳುತ್ತಾರೆ. ‘ಇದೇನು, ಸೊಪ್ಪಿನ ವಾಸನೆ ಬರ್ತಿದೆ’ ಅಂತ ಬಾಟಲಿ ಕೆಳಗಿಡುತ್ತಾರೆ. ನನ್ನ ಅಮ್ಮ ಮೊದಲ ಸಲ ನನ್ನ ಮಣಿಕಟ್ಟು ಮೂಸಿ ಹೇಳಿದ್ದೂ ಅದನ್ನೇ: ‘ಏನೇ ಇದು, ಈಗ ತಾನೇ ಬೇಲಿ ಸವರಿ ಬಂದ ಹಾಗಿದೆ!’ ಅಮ್ಮನ ಮೂಗು ಸರಿಯಾಗೇ ಹಿಡಿದಿತ್ತು. ಈ ಸೆಂಟು ಚಿತ್ರಿಸುವುದು ಮರವನ್ನು. ಹಣ್ಣು ಅದರ ಒಂದು ಮೂಲೆಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಇನ್ನೊಂದು ವಿಷಯ ಗೊತ್ತಾದರೆ ಆಶ್ಚರ್ಯವಾಗುತ್ತದೆ. ಆ ಬಾಟಲಿಯೊಳಗೆ ಅಂಜೂರದ ಎಲೆಯಿಂದ ತೆಗೆದ ಒಂದು ಹನಿಯೂ ಇರುವುದಿಲ್ಲ.

ಎಲೆಯನ್ನು ಯಾಕೆ ಹಿಂಡುವುದಿಲ್ಲ

ಗಂಧದ ಮರದಿಂದ ಎಣ್ಣೆ ತೆಗೆಯುವುದು ನಮಗೆ ಹೊಸದಲ್ಲ. ಚೆಕ್ಕೆಯನ್ನು ಪುಡಿ ಮಾಡಿ, ಹಬೆ ಹಾಯಿಸಿ, ಬಟ್ಟಿ ಇಳಿಸಿದರೆ ನೂರು ಕಿಲೋಗೆ ಕೆಲವು ಕಿಲೋ ಎಣ್ಣೆ ಸಿಗುತ್ತದೆ. ಅಂಜೂರದ ಹಣ್ಣಿಗೆ ಈ ದಾರಿ ಇಲ್ಲ. ತಾಜಾ ಹಣ್ಣಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಘಮದ ಅಂಶ ಇರುವುದು ಅತಿ ಕಡಿಮೆ. ಬಿಸಿ ಮಾಡಿದರೆ ಅದೂ ಹೋಗಿ ಬೇಯಿಸಿದ ಜಾಮಿನ ವಾಸನೆ ಉಳಿಯುತ್ತದೆ.

ಎಲೆಯದ್ದು ಬೇರೆ ಕಥೆ. ಎಲೆಯಿಂದ ಸಾರ ತೆಗೆಯಬಹುದು, ಹಿಂದೆ ತೆಗೆಯುತ್ತಲೂ ಇದ್ದರು. ಸುಗಂಧದವರು ಅದನ್ನು ಅಬ್ಸೊಲ್ಯೂಟ್ ಅನ್ನುತ್ತಾರೆ. ದ್ರಾವಕದಲ್ಲಿ ನೆನೆಸಿ, ದ್ರಾವಕವನ್ನು ಹಾರಿಸಿ ಉಳಿಸಿಕೊಂಡ ಗಟ್ಟಿ ಸಾರ ಅದು. ತೊಂದರೆ ಏನೆಂದರೆ ಆ ಸಾರ ಚರ್ಮಕ್ಕೆ ಆಗಿಬರುವುದಿಲ್ಲ. ಅಂಜೂರದ ಎಲೆಯಲ್ಲಿ, ಅದರ ಹಾಲಿನಲ್ಲಿ ಸೋರಾಲೆನ್, ಬರ್ಗಾಪ್ಟೆನ್ ಎಂಬ ಪದಾರ್ಥಗಳಿವೆ. ಇವು ಚರ್ಮದ ಮೇಲೆ ಸುಮ್ನೆ ಕೂತಿದ್ದರೆ ದೊಡ್ಡ ತೊಂದರೆ ಕಾಣುವುದಿಲ್ಲ. ಮೇಲೆ ಬಿಸಿಲು ಬಿದ್ದರೆ, ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಇವುಗಳನ್ನು ಕೆರಳಿಸುತ್ತದೆ. ಚರ್ಮ ಸುಟ್ಟ ಹಾಗೆ ಕೆಂಪಾಗುತ್ತದೆ, ಗುಳ್ಳೆ ಏಳುತ್ತದೆ. ಆಮೇಲೆ ಉಳಿಯುವ ಕಪ್ಪು ಕಲೆ ಹೋಗಲು ತಿಂಗಳುಗಳೇ ಬೇಕು.

ಸೋರಾಲೆನ್ ನಮ್ಮ ವೈದ್ಯಕ್ಕೂ ಗೊತ್ತಿರುವ ವಸ್ತು. ತೊನ್ನಿಗೆ ಬಾಕುಚಿ ಬೀಜ ಹಚ್ಚಿ ಬಿಸಿಲಿಗೆ ಒಡ್ಡುವ ಪದ್ಧತಿ ಹಳೆಯದು. ಬಾಕುಚಿ ಗಿಡದ ಶಾಸ್ತ್ರೀಯ ಹೆಸರಿನಿಂದಲೇ ಸೋರಾಲೆನ್‌ಗೆ ಆ ಹೆಸರು ಬಂತು. ಬಣ್ಣ ಹೋದ ಚರ್ಮಕ್ಕೆ ಬಣ್ಣ ತರಿಸಲು ಬಳಸುವ ಅದೇ ಗುಣ, ಕುತ್ತಿಗೆಗೆ ಸೆಂಟು ಹಾಕಿಕೊಂಡು ಬಿಸಿಲಲ್ಲಿ ಬಸ್ಸು ಕಾಯುವವರಿಗೆ ಅಪಾಯ.

ಸುಗಂಧ ಉದ್ಯಮಕ್ಕೆ ಇಫ್ರಾ ಎಂಬ ಅಂತಾರಾಷ್ಟ್ರೀಯ ಸಂಘ ಇದೆ, 1973ರಲ್ಲಿ ಶುರುವಾದದ್ದು. ಯಾವ ಪದಾರ್ಥವನ್ನು ಎಷ್ಟು ಹಾಕಬಹುದು, ಯಾವುದನ್ನು ಹಾಕಲೇಬಾರದು ಎಂದು ಅದು ನಿಯಮ ಮಾಡುತ್ತದೆ. ಅಂಜೂರದ ಎಲೆಯ ಅಬ್ಸೊಲ್ಯೂಟ್ ಹಾಕಲೇಬಾರದ ಪಟ್ಟಿಯಲ್ಲಿದೆ. ಯುರೋಪಿನ ಕಾನೂನೂ ಅದನ್ನು ಸುಗಂಧವಾಗಿ ಬಳಸಬಾರದು ಎಂದಿದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಒಂದು ಕಾರಣ ಇದೆ. ಮನೆಯಲ್ಲೇ ಎಲೆ ಜಜ್ಜಿ ಎಣ್ಣೆಯಲ್ಲಿ ನೆನೆಸಿ ಸೆಂಟು ಮಾಡಿಕೊಳ್ಳೋಣ ಅಂತ ಯಾರಿಗಾದರೂ ಅನಿಸಬಹುದು. ದಯವಿಟ್ಟು ಬೇಡ. ಗಿಡ ಸವರುವಾಗಲೂ ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ಹಾಲು ತಾಕಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ. ಒಂದು ಸಲ ನಾನು ಮಧ್ಯಾಹ್ನದ ಬಿಸಿಲಲ್ಲಿ ಬರಿಗೈಯಲ್ಲಿ ಕೊಂಬೆ ಕತ್ತರಿಸಿದ್ದೆ. ಎರಡು ದಿನ ಬಿಟ್ಟು ಮುಂಗೈ ಮೇಲೆ ಕೊಂಬೆ ಉಜ್ಜಿದ ಗೆರೆಯ ಉದ್ದಕ್ಕೂ ಗುಳ್ಳೆ ಎದ್ದಿತು. ಆ ಗೆರೆ ಮಾಸಲು ಒಂದು ಮಳೆಗಾಲ ಕಳೆಯಬೇಕಾಯಿತು.

ಪ್ಯಾರಿಸಿನಲ್ಲಿ ಶುರುವಾದದ್ದು

ಹಾಗಾದರೆ ಎಲೆಯೇ ಇಲ್ಲದೆ ಎಲೆಯ ಘಮ ಕಟ್ಟಿದವರು ಯಾರು? ಒಲಿವಿಯಾ ಜಿಯಾಕೊಬೆಟ್ಟಿ ಎಂಬ ಫ್ರೆಂಚ್ ಸುಗಂಧ ತಯಾರಕಿ. 1994ರಲ್ಲಿ ಲಾರ್ಟಿಸಾಂ ಪರ್ಫ್ಯೂಮರ್ ಎಂಬ ಪ್ಯಾರಿಸಿನ ಸಂಸ್ಥೆಗೆ ಅವರು ಪ್ರಮಿಯೇ ಫಿಗಿಯೇ ಎಂಬ ಸೆಂಟು ಮಾಡಿಕೊಟ್ಟರು. ಅಂಜೂರವನ್ನೇ ಕೇಂದ್ರವಾಗಿಟ್ಟುಕೊಂಡು ಬಂದ ಮೊದಲ ಸೆಂಟು ಎಂದು ಹೆಸರು ಪಡೆದದ್ದು ಅದು. ಆ ಹೆಸರನ್ನು ಗಮನಿಸಿ. ಫ್ರೆಂಚಿನಲ್ಲಿ ಫಿಗ್ ಅಂದರೆ ಹಣ್ಣು, ಫಿಗಿಯೇ ಅಂದರೆ ಮರ. ‘ಮೊದಲ ಅಂಜೂರದ ಮರ’ ಅಂತ ಅರ್ಥ. ಮರವನ್ನೇ ಹಿಡಿಯಬೇಕು ಅನ್ನುವುದು ಹೆಸರಿನಲ್ಲೇ ಇತ್ತು.

ಎರಡು ವರ್ಷದ ನಂತರ, 1996ರಲ್ಲಿ, ಅದೇ ಜಿಯಾಕೊಬೆಟ್ಟಿ ಡಿಪ್ಟಿಕ್ ಎಂಬ ಇನ್ನೊಂದು ಸಂಸ್ಥೆಗೆ ಫಿಲೋಸೈಕೋಸ್ ಮಾಡಿದರು. ಡಿಪ್ಟಿಕ್ 1961ರಲ್ಲಿ ಪ್ಯಾರಿಸಿನ ಸೇಂಟ್ ಜರ್ಮೈನ್ ಬೀದಿಯಲ್ಲಿ ಮೂವರು ಗೆಳೆಯರು ತೆರೆದ ಅಂಗಡಿ. ಮೊದಲು ಮಾರುತ್ತಿದ್ದದ್ದು ಬಟ್ಟೆ. ಆ ಗೆಳೆಯರು ಗ್ರೀಸಿನ ಪೀಲಿಯನ್ ಬೆಟ್ಟದ ಕಡೆ ಬೇಸಿಗೆ ಕಳೆದಿದ್ದರು. ಅಲ್ಲಿ ಸಮುದ್ರಕ್ಕೆ ಇಳಿಯುವ ದಾರಿ ಕಾಡು ಅಂಜೂರದ ತೋಪಿನ ನಡುವೆ ಹಾದುಹೋಗುತ್ತಿತ್ತು. ಬಿಸಿಲಲ್ಲಿ ಕಾದ ಆ ತೋಪಿನ ನೆನಪೇ ಈ ಸೆಂಟು. ಹೆಸರು ಗ್ರೀಕಿನದ್ದು, ‘ಅಂಜೂರದ ಗೆಳೆಯ’ ಅಂತ.

ಒಬ್ಬರೇ ಮಾಡಿದ ಎರಡು ಅಂಜೂರಗಳು ಒಂದೇ ಥರ ಇಲ್ಲ. ಮೊದಲನೆಯದು ಹೆಚ್ಚು ಹಸಿರು, ಸ್ವಲ್ಪ ಒರಟು. ಎರಡನೆಯದರಲ್ಲಿ ಹಾಲಿನ ಅಂಶ, ತೆಂಗಿನ ಅಂಶ ಜಾಸ್ತಿ, ಮೈಗೆ ಬೇಗ ಹೊಂದಿಕೊಳ್ಳುತ್ತದೆ. ಬರೀ ಒಂದನ್ನು ಆರಿಸಿ ಅಂದರೆ ನಾನು ಎರಡನೆಯದನ್ನು ಆರಿಸುತ್ತೇನೆ. ಆಮೇಲೆ ಬಂದ ಸೆಂಟುಗಳಲ್ಲಿ 2003ರ ಉನ್ ಜಾರ್ದಿನ್ ಆನ್ ಮೆಡಿಟರಾನೆ ಮುಖ್ಯ. ಹೆರ್ಮೆಸ್ ಸಂಸ್ಥೆಗೆ ಜೀನ್ ಕ್ಲೋಡ್ ಎಲೆನಾ ಮಾಡಿದ್ದು. ಟುನೀಶಿಯಾದ ಹಮ್ಮಾಮೆಟ್‌ನಲ್ಲಿ ಲೈಲಾ ಮೆಂಚಾರಿ ಎಂಬ ಕಲಾವಿದೆಯ ತೋಟವಿತ್ತು. ಆ ತೋಟದಿಂದ ಹುಟ್ಟಿದ ಸೆಂಟು ಇದು, ಅದರ ನಡುವೆ ನಿಂತಿರುವುದು ಅಂಜೂರದ ಎಲೆ. ಹೀಗೆ ಮೆಡಿಟರೇನಿಯನ್ ಸಮುದ್ರದ ಎರಡೂ ದಡದ ಬಿಸಿಲು ಅಂಜೂರದ ಮೂಲಕ ಬಾಟಲಿಗೆ ಇಳಿಯಿತು.

ಎಲೆ, ಹಾಲು, ಮರ

ಈಗ ಮುಖ್ಯ ವಿಷಯಕ್ಕೆ ಬರೋಣ. ಇಲ್ಲದ ಎಲೆಯನ್ನು ಮೂಗಿಗೆ ತೋರಿಸುವುದು ಹೇಗೆ?

ಸಾರಿನ ಪುಡಿ ಮಾಡುವುದನ್ನು ನೆನೆಸಿಕೊಳ್ಳಿ. ಕೊತ್ತಂಬರಿ ಬೀಜ, ಮೆಂತ್ಯ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಕರಿಬೇವು ಬೇರೆ ಬೇರೆ ಹುರಿದು ಪುಡಿ ಮಾಡುತ್ತೀರಿ. ಡಬ್ಬಿ ಮುಚ್ಚಳ ತೆಗೆದಾಗ ಬರುವುದು ಇವುಗಳಲ್ಲಿ ಯಾವುದರ ವಾಸನೆಯೂ ಅಲ್ಲ. ಅದು ‘ಸಾರಿನ ಪುಡಿ’ಯ ವಾಸನೆ. ಹಲವು ಸೇರಿ ಒಂದಾಗಿ, ತಮ್ಮ ಗುರುತು ಬಿಟ್ಟುಕೊಟ್ಟಿವೆ. ಸುಗಂಧದವರು ಇಂಥ ಹೊಂದಿಕೆಗೆ ಅಕಾರ್ಡ್ ಅನ್ನುತ್ತಾರೆ. ಅಂಜೂರ ಅನ್ನುವುದು ಒಂದು ಅಕಾರ್ಡ್. ಅದಕ್ಕೆ ಮೂರು ಕೈ ಬೇಕು.

ಮೊದಲ ಕೈ ಎಲೆಯದ್ದು. ಇಲ್ಲಿ ದೊಡ್ಡ ಕೆಲಸ ಮಾಡುವುದು ಸ್ಟೆಮೋನ್ ಎಂಬ ಪದಾರ್ಥ. ಸ್ವಿಟ್ಜರ್ಲೆಂಡಿನ ಜಿವೌಡಾನ್ ಕಂಪನಿಯ ತಯಾರಿ, ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಟೊಮೆಟೊ ಗಿಡದ ಎಲೆ ಉಜ್ಜಿದ್ದೀರಾ? ಕೈಯಿಂದ ಗಂಟೆಗಟ್ಟಲೆ ಹೋಗದ ಆ ಹಸಿ ಘಾಟು ಇದೆಯಲ್ಲ, ಸ್ಟೆಮೋನ್ ಆ ಕಡೆಯದ್ದು. ಒಂದು ಹನಿ ಜಾಸ್ತಿಯಾದರೂ ಇಡೀ ಸೆಂಟನ್ನು ನುಂಗಿಬಿಡುತ್ತದೆ. ಆದ್ದರಿಂದ ಬಹಳ ಕಡಿಮೆ ಹಾಕುತ್ತಾರೆ. ಅದರ ಜೊತೆಗೆ ಸಿಸ್-3-ಹೆಕ್ಸೆನಾಲ್ ಇರುತ್ತದೆ. ಹುಲ್ಲು ಕೊಯ್ದಾಗ ಬರುವ ವಾಸನೆಯಲ್ಲಿ ಇದೂ ಒಂದು ಮುಖ್ಯ ಪಾಲು. ಹುಲ್ಲು, ಸೊಪ್ಪು ಗಾಯಗೊಂಡ ತಕ್ಷಣ ಸಸ್ಯ ಇದನ್ನು ತಯಾರಿಸುತ್ತದೆ.

ಕೆಲವರು ಗಾಲ್ಬನಮ್ ಎಂಬ ಅಂಟನ್ನೂ ಸೇರಿಸುತ್ತಾರೆ. ಇರಾನಿನ ಬೆಟ್ಟಗಳಲ್ಲಿ ಬೆಳೆಯುವ ಗಿಡದ ಅಂಟು. ಇದು ನಮ್ಮ ಅಡುಗೆಮನೆ ಇಂಗಿನ ಹತ್ತಿರದ ನೆಂಟ, ಎರಡೂ ಫೆರುಲಾ ಜಾತಿಯ ಗಿಡಗಳಿಂದಲೇ ಬರುತ್ತವೆ. ಗಾಲ್ಬನಮ್ ಮಾತ್ರ ಇಂಗಿನ ಹಾಗೆ ನಾರುವುದಿಲ್ಲ. ಹಸಿ ಬಟಾಣಿ ಸಿಪ್ಪೆ ಮುರಿದ ಹಾಗೆ, ದೊಣ್ಣೆಮೆಣಸಿನಕಾಯಿ ಹೆಚ್ಚಿದ ಹಾಗೆ ಇರುತ್ತದೆ. ದೊಣ್ಣೆಮೆಣಸಿನಕಾಯಿಗೆ ಅದರ ವಾಸನೆ ಕೊಡುವ ಪೈರಜೀನ್ ಜಾತಿಯ ಅಣುಗಳು ಗಾಲ್ಬನಮ್‌ನಲ್ಲೂ ಇವೆ.

ಎರಡನೇ ಕೈ ಹಾಲಿನದ್ದು. ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಇಲ್ಲಿ ಲ್ಯಾಕ್ಟೋನ್ ಎಂಬ ಅಣುಗಳ ಕುಟುಂಬ ಬರುತ್ತದೆ. ಆ ಹೆಸರಿನ ಬೇರು ಲ್ಯಾಟಿನ್ನಿನಲ್ಲಿ ಹಾಲು ಅನ್ನುವ ಪದ. ಲ್ಯಾಕ್ಟೋನ್ ಅಂದರೆ ಒಂದು ಬಳೆ, ಅದಕ್ಕೊಂದು ಬಾಲ. ಬಾಲದ ಉದ್ದ ಬದಲಾದರೆ ವಾಸನೆ ಬದಲಾಗುತ್ತದೆ. ಒಟ್ಟು ಎಂಟು ಇಂಗಾಲ ಇರುವ ಗಾಮಾ-ಆಕ್ಟಾಲ್ಯಾಕ್ಟೋನ್‌ಗೆ ತೆಂಗಿನ ಜೊತೆ ಒಣಹುಲ್ಲಿನ ವಾಸನೆ. ಒಂಬತ್ತು ಇಂಗಾಲದ ಗಾಮಾ-ನೊನಾಲ್ಯಾಕ್ಟೋನ್‌ಗೆ ಬಂದರೆ ಸಾಕ್ಷಾತ್ ತೆಂಗಿನಕಾಯಿ. ಇನ್ನೆರಡು ಇಂಗಾಲ ಸೇರಿಸಿ ಹನ್ನೊಂದು ಮಾಡಿದರೆ ತೆಂಗು ಮಾಯ, ಪೀಚ್ ಹಣ್ಣು ಹಾಜರು. 1919ರಲ್ಲಿ ಗೆರ್ಲೇನ್ ಸಂಸ್ಥೆಯ ಮಿತ್ಸುಕೋ ಎಂಬ ಸೆಂಟು ಹೆಸರಾದದ್ದು ಈ ಪೀಚ್ ಅಣುವಿನಿಂದಲೇ. ಎರಡು ಇಂಗಾಲದ ಅಂತರದಲ್ಲಿ ಮೂಗು ತೆಂಗಿನ ತೋಟದಿಂದ ಪೀಚ್ ತೋಟಕ್ಕೆ ದಾಟುತ್ತದೆ. ಇದನ್ನು ಮೊದಲ ಸಲ ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಅಂಜೂರಕ್ಕೆ ಬೇಕಾದದ್ದು ಎಂಟು, ಒಂಬತ್ತರ ಆಸುಪಾಸು. ತೆಂಗಿನಕಾಯಿ ತುರಿದು ಮೊದಲ ಹಾಲು ಹಿಂಡುವಾಗ ಕೈಯಲ್ಲಿ ಉಳಿಯುವ ತಣ್ಣನೆ ಜಿಡ್ಡಿನ ಘಮ ಯೋಚಿಸಿ. ಹುರಿದ ಕೊಬ್ಬರಿಯದ್ದಲ್ಲ, ಕೊಬ್ಬರಿ ಮಿಠಾಯಿಯದ್ದೂ ಅಲ್ಲ. ತಲೆಗೆ ಹಚ್ಚುವ ಎಣ್ಣೆಯ ನೆನಪು ಬಂದರೆ ಆ ಸೆಂಟಿನಲ್ಲಿ ಹದ ತಪ್ಪಿದೆ ಅಂತ ಅರ್ಥ. ಎಲೆಯ ಕಹಿ ಪಕ್ಕದಲ್ಲಿ ಇದ್ದಾಗ ಮಾತ್ರ ತೆಂಗು ತೆಂಗಾಗಿ ಕಾಣದೆ ಅಂಜೂರದ ಹಾಲಾಗಿ ಕಾಣುತ್ತದೆ. ಸಾರಿನ ಪುಡಿಯ ಮಾತು ಇಲ್ಲಿಗೇ ಹೊಂದುವುದು.

ಮೂರನೇ ಕೈ ಮರದ್ದು. ಸೀಡರ್, ಗಂಧ, ಮತ್ತು ಈಗಿನ ಕಾಲದಲ್ಲಿ ಐಸೋ ಇ ಸೂಪರ್ ಎಂಬ ಕೃತಕ ಪದಾರ್ಥ. ಈ ಕೊನೆಯದಕ್ಕೆ ತನ್ನದೇ ದೊಡ್ಡ ವಾಸನೆ ಇಲ್ಲ. ನಯ ಮಾಡಿದ ಮರದ ಮೇಲೆ ಕೈಯಾಡಿಸಿದ ಹಾಗೆ ಒಂದು ಭಾವ ಕೊಡುತ್ತದೆ, ಅಷ್ಟೇ. ಕೆಲವರ ಮೂಗಿಗೆ ಅದು ಸಿಗುವುದೇ ಇಲ್ಲ. ಗಂಧದ ವಿಷಯ ಬೇರೆ. ಸಾಣೆಕಲ್ಲಿನ ಮೇಲೆ ಗಂಧ ತೇಯ್ದವರಿಗೆ ಗೊತ್ತು, ಅದರೊಳಗೂ ಒಂದು ಹಾಲಿನ ಕೆನೆಯಂಥ ನುಣುಪು ಇದೆ. ಆ ನುಣುಪು ಲ್ಯಾಕ್ಟೋನಿನ ಹಾಲಿನ ಜೊತೆ ಸಲೀಸಾಗಿ ಬೆರೆಯುತ್ತದೆ. ಬೆಳಿಗ್ಗೆ ಮೈಸೂರು ಸ್ಯಾಂಡಲ್ ಸೋಪಿನಲ್ಲಿ ಸ್ನಾನ ಮಾಡಿ ಮೇಲೆ ಅಂಜೂರದ ಸೆಂಟು ಹಾಕಿಕೊಂಡರೆ ಎರಡೂ ಜಗಳ ಆಡುವುದಿಲ್ಲ. ಒಂದು ಇನ್ನೊಂದಕ್ಕೆ ಅಡಿಪಾಯ ಆಗುತ್ತದೆ. ಗುಲಾಬಿ ಅಥವಾ ವೆನಿಲಾ ಸೆಂಟಿನ ಜೊತೆ ಹಾಗಾಗುವುದು ಕಡಿಮೆ.

ಮರ ಘಮಘಮಿಸುವುದು ಯಾರಿಗಾಗಿ

ಒಂದು ಸಣ್ಣ ಪಕ್ಕದ ದಾರಿ, ಬಿಟ್ಟುಹೋಗಲು ಮನಸ್ಸಿಲ್ಲ. ಅಂಜೂರ, ಅತ್ತಿ, ಆಲ, ಅರಳಿ, ಬಸರಿ ಎಲ್ಲ ಒಂದೇ ಕುಲದವು. ಎಲ್ಲದರಲ್ಲೂ ಕೊಂಬೆ ಮುರಿದರೆ ಹಾಲು. ಎಲ್ಲದರಲ್ಲೂ ಹೂವು ಕಾಯಿಯೊಳಗೆ ಅಡಗಿರುತ್ತದೆ. ಅತ್ತಿ ಹೂವು ಕಂಡವರಿಲ್ಲ ಅಂತಾರಲ್ಲ, ಕಾಣುವುದಕ್ಕೆ ಅದು ಹೊರಗೆ ಇರುವುದೇ ಇಲ್ಲ. ನಾವು ಹಣ್ಣು ಅನ್ನುವುದು ಒಳಮುಖವಾಗಿ ಮಡಚಿಕೊಂಡ ಒಂದು ಹೂಗೊಂಚಲು. ಅದಕ್ಕೆ ಸೈಕೋನಿಯಮ್ ಅನ್ನುತ್ತಾರೆ. ಫಿಲೋಸೈಕೋಸ್‌ನಲ್ಲಿ ಇರುವ ಅದೇ ಗ್ರೀಕ್ ಪದ ಇಲ್ಲೂ ಇದೆ.

ಒಳಗೆ ಅಡಗಿದ ಹೂವಿಗೆ ದುಂಬಿ ಬರುವುದು ಹೇಗೆ? ಘಮದ ದಾರಿ ಹಿಡಿದು. ಕಾಡು ಅಂಜೂರದ ಕಾಯಿ ಹದಕ್ಕೆ ಬಂದಾಗ ಲಿನಲೂಲ್ ಮತ್ತು ಅದರ ನೆಂಟ ಅಣುಗಳನ್ನು ಗಾಳಿಗೆ ಬಿಡುತ್ತದೆ. ಅದನ್ನು ಹಿಡಿದು ಒಂದು ಸಣ್ಣ ಕಣಜ ಹಾರಿಬರುತ್ತದೆ. ಕಾಯಿಯ ಮೂತಿಯಲ್ಲಿರುವ ಇಕ್ಕಟ್ಟಾದ ರಂಧ್ರದಲ್ಲಿ ನುಗ್ಗುವಾಗ ಅದರ ರೆಕ್ಕೆ ಮುರಿದುಬೀಳುತ್ತದೆ. ಅತ್ತಿ ಹಣ್ಣು ಬಿಡಿಸಿದರೆ ಹುಳು ಅನ್ನುವ ಮಾತಿಗೂ ಇಂಥ ಕಣಜಗಳೇ ಕಾರಣ. ನಮ್ಮ ತೋಟದ ಅಂಜೂರ, ಬಳ್ಳಾರಿ ಕಡೆ ಬೆಳೆಯುವುದು, ಶ್ರೀರಂಗಪಟ್ಟಣದ ಗಂಜಾಂನಲ್ಲಿ ಹೆಸರಾಗಿದ್ದದ್ದು, ಇವಕ್ಕೆಲ್ಲ ಕಣಜ ಬೇಡ. ಪರಾಗ ಬೀಳದೆಯೇ ಹಣ್ಣಾಗುವ ತಳಿಗಳು.

ಲಿನಲೂಲ್ ಅನ್ನುವ ಅಣು ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇದೆ. ಹಾಗಾಗಿ ಅಂಜೂರದ ಸೆಂಟಿನ ಮೇಲ್ಪದರದಲ್ಲಿ ಸ್ವಲ್ಪ ಲಿನಲೂಲ್ ಇದ್ದರೆ ನಮ್ಮ ಮೂಗು ಅದನ್ನು ಅಪರಿಚಿತ ಅನ್ನುವುದಿಲ್ಲ.

ದಿನಾ ಹಾಕಿಕೊಳ್ಳಲು ಯಾಕೆ ಇದು

ಸೆಂಟು ಹಾಕಿಕೊಂಡು ದಿನ ಕಳೆದರೆ ಮೂರು ಕೈಗಳೂ ಒಂದೊಂದಾಗಿ ಕಾಣುತ್ತವೆ. ಬೆಳಿಗ್ಗೆ ಎಂಟಕ್ಕೆ ಮಣಿಕಟ್ಟಿಗೆ ಒಂದು ಸಲ ಒತ್ತಿದೆ ಅಂತಿಟ್ಟುಕೊಳ್ಳಿ. ಮೊದಲ ಅರ್ಧ ನಿಮಿಷ ಬರೀ ಆಲ್ಕೋಹಾಲು, ಆಗ ಮೂಸಬೇಡಿ. ಆಮೇಲೆ ಎಲೆ. ಹಗುರವಾದ ಅಣುಗಳು ಬೇಗ ಹಾರುತ್ತವೆ, ಕೊಯ್ದ ಹುಲ್ಲಿನ ಘಮ ಹದಿನೈದು ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಟೊಮೆಟೊ ಎಲೆಯ ಘಾಟು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹತ್ತೂವರೆಗೆ, ಆಫೀಸಿನಲ್ಲಿ ಕಾಫಿ ಕುಡಿಯಲು ಎದ್ದಾಗ, ಹಾಲು ಬಂದಿರುತ್ತದೆ. ಊಟದ ಹೊತ್ತಿಗೆ ಹಾಲು ಮತ್ತು ಮರ ಎರಡೂ ಮೈಯ ಬಿಸಿಯಲ್ಲಿ ಬೆರೆತಿರುತ್ತವೆ. ಸಂಜೆ ಹೊತ್ತಿಗೆ ಕೈಯನ್ನು ಮೂಗಿನ ಹತ್ತಿರ ತಂದರೆ ಮಾತ್ರ ಸಿಗುವ ಒಣ ಮರ.

ಈ ಇಳಿಜಾರೇ ನನಗೆ ಮುಖ್ಯ. ಬೆಳಿಗ್ಗೆ ಎಚ್ಚರ ಬೇಕಾದಾಗ ಹಸಿರು ಇರುತ್ತದೆ. ಜನರ ನಡುವೆ ಕೂರುವ ಹೊತ್ತಿಗೆ ಅದು ತಣ್ಣಗಾಗಿರುತ್ತದೆ. ಮೆಟ್ರೋದಲ್ಲಿ, ಲಿಫ್ಟಿನಲ್ಲಿ, ಎಸಿ ಹಾಕಿ ಕಿಟಕಿ ಮುಚ್ಚಿದ ಮೀಟಿಂಗ್ ಕೋಣೆಯಲ್ಲಿ ಪಕ್ಕದವರ ಮೂಗಿಗೆ ತೊಂದರೆ ಕೊಡದೆ ಇರುವುದು ದಿನಬಳಕೆಯ ಸೆಂಟಿನ ಮೊದಲ ಗುಣ. ನನಗೆ ತಲೆನೋವು ಬೇಗ ಬರುತ್ತದೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಸೆಕೆಯಲ್ಲಿ ಕ್ಯಾರಮೆಲ್, ವೆನಿಲಾ, ಊದಿನ ಅತ್ತರು ಮೈ ಬಿಸಿಗೆ ಉಬ್ಬಿಕೊಳ್ಳುತ್ತವೆ. ಮದುವೆ ಮನೆಗೆ ಅದು ಚೆನ್ನ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನಕ್ಕೆ ಭಾರ. ಅಂಜೂರ ಹುಟ್ಟಿದ್ದೇ ಬಿಸಿಲು ನಾಡಿನ ನೆನಪಿನಲ್ಲಿ. ಬೆವರಿದರೂ ಅದು ಸೊಪ್ಪಿನ ಕಡೆಗೆ, ನೆರಳಿನ ಕಡೆಗೆ ಎಳೆಯುತ್ತದೆ.

ಗಂಡಸರಿಗಾ ಹೆಂಗಸರಿಗಾ ಅಂತ ಕೇಳುವವರಿದ್ದಾರೆ. ಎಲೆಗೂ ಮರಕ್ಕೂ ಆ ಭೇದ ಇಲ್ಲ. ನಮ್ಮ ಮನೆಯಲ್ಲಿ ಒಂದೇ ಬಾಟಲಿಯನ್ನು ನಾನೂ ನನ್ನ ತಮ್ಮನೂ ಬಳಸುತ್ತೇವೆ. ಮುಡಿದ ಮಲ್ಲಿಗೆಯ ಜೊತೆಗೂ ಇದು ಹೊಂದುತ್ತದೆ. ಮಲ್ಲಿಗೆ ಹೂವಾದರೆ ಇದು ಅದರ ಕೆಳಗಿನ ಎಲೆಯ ಹಾಗೆ. ಬೇರೆ ಹೂವಿನ ಸೆಂಟು ಹಾಕಿದರೆ ಮಲ್ಲಿಗೆ ಸೋಲುತ್ತದೆ, ನನಗೆ ಅದು ಸಹಿಸುವುದಿಲ್ಲ.

ಕೊಳ್ಳುವಾಗ

ಅಂಜೂರ ಅಂತ ಬರೆದ ಎಲ್ಲ ಬಾಟಲಿಯಲ್ಲೂ ನಾನು ಹೇಳಿದ ಮರ ಇರುವುದಿಲ್ಲ. ವಿವರಣೆಯನ್ನು ಓದಿ. ಜೇನು, ಕ್ಯಾರಮೆಲ್, ವೆನಿಲಾ, ಜಾಮ್ ಇಂಥ ಮಾತು ಜಾಸ್ತಿ ಇದ್ದರೆ ಅದು ಒಣಹಣ್ಣಿನ ದಾರಿ ಹಿಡಿದಿದೆ. ಸಿಹಿ ಇಷ್ಟಪಡುವವರಿಗೆ ಸರಿ. ಎಲೆ, ಸೊನೆ, ಹಸಿರು, ಸೀಡರ್ ಅಂತ ಇದ್ದರೆ ಮರ. ಕಾಗದದ ಪಟ್ಟಿ ಮೇಲೆ ಮೂಸಿ ಅಲ್ಲೇ ದುಡ್ಡು ಕೊಡಬೇಡಿ. ಪಟ್ಟಿಯಲ್ಲಿ ಎಲೆ ಮಾತ್ರ ಕಾಣುತ್ತದೆ, ಹಾಲು ಬರಲು ಚರ್ಮದ ಬಿಸಿ ಬೇಕು, ಸಮಯ ಬೇಕು. ಕೈಗೆ ಹಾಕಿಸಿಕೊಂಡು ಹೊರಗೆ ಬನ್ನಿ, ಒಂದು ಸುತ್ತು ಹಾಕಿ, ಎರಡು ಗಂಟೆ ಬಿಟ್ಟು ಮತ್ತೆ ಮೂಸಿ. ಒಂದೇ ಸಲ ಮೂರಕ್ಕಿಂತ ಜಾಸ್ತಿ ಮೂಸಿದರೆ ಮೂಗು ಸೋಲುತ್ತದೆ. ಆಗ ಅಂಗಡಿಯವರು ಕಾಫಿ ಬೀಜ ಮುಂದೆ ಹಿಡಿಯುತ್ತಾರೆ. ಅದು ಬೇಕಿಲ್ಲ, ಸ್ವಲ್ಪ ಹೊತ್ತು ಹೊರಗಿನ ಗಾಳಿಗೆ ನಿಂತರೆ ಸಾಕು. ಎರಡು ಮಿಲೀ, ಐದು ಮಿಲೀ ಸಣ್ಣ ಶೀಶೆ ಸಿಗುವುದಾದರೆ ಅದನ್ನೇ ಮೊದಲು ತನ್ನಿ. ಒಂದು ವಾರ ಹಾಕಿ ನೋಡಿದ ಮೇಲೆ ದೊಡ್ಡದು.

ಲೇಬಲ್ ಮೇಲೆ ಇ ಡಿ ಟಿ (ಓ ದ ಟ್ವಾಲೆಟ್), ಇ ಡಿ ಪಿ (ಓ ದ ಪರ್ಫ್ಯೂಮ್) ಅಂತ ಇರುತ್ತದೆ. ಸಾಮಾನ್ಯವಾಗಿ ಮೊದಲನೆಯದರಲ್ಲಿ ಸುಗಂಧದ ಅಂಶ ಶೇಕಡಾ 5ರಿಂದ 15, ಎರಡನೆಯದರಲ್ಲಿ 15ರಿಂದ 20. ಜಾಸ್ತಿ ಇದ್ದರೆ ಒಳ್ಳೆಯದು ಅಂತ ಅಂದುಕೊಳ್ಳುವುದು ಸಹಜ. ಅಂಜೂರದಲ್ಲಿ ಮಾತ್ರ ನನ್ನ ಒಲವು ಇ ಡಿ ಟಿ ಕಡೆಗೆ. ಅದರಲ್ಲಿ ಎಲೆ ಸ್ಪಷ್ಟವಾಗಿ ಉಸಿರಾಡುತ್ತದೆ. ಇ ಡಿ ಪಿಯಲ್ಲಿ ಹಲವು ಸಲ ಹಾಲು ಮತ್ತು ಮರ ಮುಂದೆ ಬಂದು ಎಲೆಯನ್ನು ಮುಚ್ಚುತ್ತವೆ. ಮಡಿಕೇರಿಯ ಜುಲೈ ಚಳಿಗೆ ಅದು ಚೆಂದ ಅನಿಸಬಹುದು.

ಬಾಟಲಿಯ ಹಿಂದೆ ಲಿನಲೂಲ್, ಲಿಮೋನೀನ್, ಕೌಮಾರಿನ್ ಅಂತ ಸಣ್ಣ ಅಕ್ಷರದಲ್ಲಿ ಇದ್ದರೆ ಗಾಬರಿ ಬೇಡ. ಕೆಲವರ ಚರ್ಮಕ್ಕೆ ಒಗ್ಗದ ಪದಾರ್ಥಗಳನ್ನು ಹೆಸರಿಸಲೇಬೇಕು ಎಂದು ಯುರೋಪಿನ ನಿಯಮ ಹೇಳುತ್ತದೆ. ನಿಮಗೆ ಮೊದಲೇ ತುರಿಕೆಯ ತೊಂದರೆ ಇದ್ದರೆ ಮೊಣಕೈ ಒಳಭಾಗದಲ್ಲಿ ಒಂದು ಹನಿ ಹಾಕಿ ಒಂದು ದಿನ ಕಾಯಿರಿ.

ಹಾಕಿಕೊಳ್ಳಲು ಎರಡು ಸಲ ಒತ್ತಿದರೆ ಸಾಕು, ಒಂದು ಕತ್ತಿಗೆ, ಒಂದು ಮುಂಗೈಗೆ. ಸ್ನಾನ ಆದ ಮೇಲೆ, ಚರ್ಮಕ್ಕೆ ಸ್ವಲ್ಪ ಜಿಡ್ಡು ಹಚ್ಚಿಕೊಂಡು ಹಾಕಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಒಣಚರ್ಮದಿಂದ ಬೇಗ ಹಾರುತ್ತದೆ. ಹತ್ತಿ ಬಟ್ಟೆಗೆ ಹಾಕಬಹುದು. ರೇಷ್ಮೆ ಸೀರೆಗೆ ಬೇಡ, ಕಲೆ ಬಿದ್ದರೆ ಹೋಗುವುದಿಲ್ಲ. ದೇವರ ಮನೆಯಲ್ಲಿ ದೀಪ ಉರಿಯುವಾಗ, ಒಲೆಯ ಪಕ್ಕದಲ್ಲಿ ಒತ್ತಬೇಡಿ, ಒಳಗಿರುವುದು ಬಹುಪಾಲು ಆಲ್ಕೋಹಾಲು. ಹನ್ನೊಂದು ಗಂಟೆಗೆ ನಿಮಗೆ ವಾಸನೆ ಬರುತ್ತಿಲ್ಲ ಅನಿಸಿದರೆ ಸೆಂಟು ಹೋಯಿತು ಅಂತ ಮತ್ತೆ ಒತ್ತಬೇಡಿ. ನಿಮ್ಮ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಪಕ್ಕದವರನ್ನು ಕೇಳಿ, ಅವರಿಗೆ ಬರುತ್ತಿರುತ್ತದೆ.

ಬಾಟಲಿಯನ್ನು ಕನ್ನಡಿ ಮುಂದೆ ಬಿಸಿಲು ಬೀಳುವಲ್ಲಿ ಇಡುವುದು, ಕಾರಿನಲ್ಲಿ ಬಿಡುವುದು, ಬಚ್ಚಲುಮನೆಯಲ್ಲಿ ಇಡುವುದು ಬೇಡ. ಬೆಳಕು ಮತ್ತು ಬಿಸಿಗೆ ಮೊದಲು ಕೆಡುವುದು ಹಸಿರಿನ ಭಾಗ. ಬಟ್ಟೆ ಬೀರುವಿನ ಕೆಳಗಿನ ಅರೆ ಸಾಕು, ಪೆಟ್ಟಿಗೆ ಸಮೇತ. ನಮ್ಮಲ್ಲಿ ಅದು ಅಮ್ಮನ ಸೀರೆಗಳ ಪಕ್ಕ ಇದೆ. ಮೊನ್ನೆ ಬೀರು ತೆಗೆದಾಗ ಅಮ್ಮನ ಒಂದು ಹತ್ತಿ ಸೀರೆಯ ಸೆರಗು ಹಸಿ ಸೊಪ್ಪಿನ ಹಾಗೆ, ತೆಂಗಿನ ಹಾಲಿನ ಹಾಗೆ ಘಮಘಮ ಅನ್ನುತ್ತಿತ್ತು. ಕೇಳಿದರೆ, ‘ಬೇಲಿ ಸವರೋಕೆ ಹೋಗಿದ್ದೆ’ ಅಂತ ನಕ್ಕರು.